ಬಚ್ಚಲುಮನೆಯ ಬಂಡೆಮರ

"ಕುಂಡದಲ್ಲಿ ಬೀಜ ಹಾಕಿ, ದಿನಾ ನೀರು ಹೊಯ್ದು, ಮುದ್ದು ಮಾಡಿ ಬೆಳೆಸಿದ್ದಕ್ಕೆಲ್ಲ ಬೋನ್ಸಾಯ್ ಅಂತಾರಾ? ಅದು ಗಿಡ ಅಷ್ಟೆ. ಬೋನ್ಸಾಯ್ ಅಂದ್ರೆ ಕಷ್ಟಪಟ್ಟಿರ್ಬೇಕು ಕಣೇ! ಬಂಡೆ ಸಂದೀಲಿ ಹಿಡಿ ಮಣ್ಣು ನಂಬ್ಕೊಂಡು, ಬಿಸಿಲಲ್ಲಿ ಬೆಂದು, ಆಡಿನ ಬಾಯಿಗೆ ಸಿಕ್ಕಿ, ಮತ್ತೆ ಚಿಗುರಿ, ಮತ್ತೆ ಸಿಕ್ಕಿ, ಮೂವತ್ತು ನಲವತ್ತು ವರ್ಷ ಆದ್ರೂ ಮೊಣಕಾಲುದ್ದ ದಾಟದೆ ನಿಂತಿರುತ್ತಲ್ಲ, ಅದು ಮರ! ಅದರ ಬೊಡ್ಡೆ ನೋಡ್ಬೇಕು ನೀನು, ಆನೆ ಕಾಲು! ಅಂಥದ್ದನ್ನ ಮನೇಲಿ ಕೂತು ಬೆಳೆಸೋಕೆ ಯಾರಪ್ಪನಿಂದಲೂ ಆಗಲ್ಲ. ಹುಡುಕಿ ತರಬೇಕು. ಹುಡುಕೋಕೆ ಕಣ್ಣು ಬೇಕು. ಅಗೆಯೋಕೆ ತಾಳ್ಮೆ ಬೇಕು. ತರೋಕೆ ಎದೆ ಬೇಕು. ತಂದದ್ದನ್ನ ಇಟ್ಕೊಳ್ಳೋಕೆ…"

"ಬಚ್ಚಲುಮನೆ ಬೇಕು," ಎಂದಳು ಚಿಕ್ಕಮ್ಮ.

ಸೀಲಪ್ಪನವರ ಚಹಾದ ಲೋಟ ಬಾಯಿಗೂ ಮೇಜಿಗೂ ನಡುವೆ ನಿಂತುಬಿಟ್ಟಿತು. ಹೆಂಡತಿ ಮಧ್ಯೆ ಬಾಯಿ ಹಾಕಿದ್ದು ಹೊಸತೇನಲ್ಲ. ಹೇಳಿದ್ದು ನಿಜವಾಗಿತ್ತು, ಅದೇ ತೊಂದರೆ. ಮೂರು ದಿನದಿಂದ ಆ ಮನೆಯ ಒಂದೇ ಒಂದು ಬಚ್ಚಲುಮನೆಯಲ್ಲಿ, ಕಿಟಕಿಯ ಕೆಳಗೆ, ಹಲಗೆಯ ಪೆಟ್ಟಿಗೆಯೊಳಗೆ, ಒಂದೆಲೆಯೂ ಇಲ್ಲದ ಒಂದು ಕಾಡು ಅತ್ತಿಮರ ವಿರಾಜಮಾನವಾಗಿತ್ತು.

ಸೀಲಪ್ಪ ಎಂಬುದು ಅವರ ಹೆಸರಲ್ಲ. ನಿಜವಾದ ಹೆಸರು ಪಿಂಚಣಿಯ ಕಡತದಲ್ಲಿದೆ, ಅಲ್ಲಿಂದ ಹೊರಗೆ ಬಂದದ್ದಿಲ್ಲ. ಮೂವತ್ತನಾಲ್ಕು ವರ್ಷ ಅವರು ವಿದ್ಯುತ್ ಕಚೇರಿಯಲ್ಲಿ ಮೀಟರ್ ತಪಾಸಣೆ ಮಾಡಿದವರು. ಮನೆಮನೆಗೆ ಹೋಗಿ, ಮೀಟರಿನ ಪೆಟ್ಟಿಗೆಗೆ ಕಟ್ಟಿದ ತಂತಿಯನ್ನೂ ಆ ತಂತಿಯ ತುದಿಗೆ ಒತ್ತಿದ ಸೀಸದ ಸೀಲನ್ನೂ ಯಾರಾದರೂ ಕಿತ್ತಿದ್ದಾರೆಯೇ ಎಂದು ನೋಡುವುದು ಅವರ ಕಸುಬು. "ಸೀಲು ಮುಟ್ಟಿದ್ದೀರಾ?" ಎಂದು ಅವರು ಕೇಳುವ ಗತ್ತಿಗೆ, ಮುಟ್ಟದವರೂ ಬೆವರಿ ತಪ್ಪು ಒಪ್ಪಿಕೊಳ್ಳುತ್ತಿದ್ದರಂತೆ. ಕಣ್ಣಾರೆ ನೋಡದೆ, ಕೈಯಾರೆ ಮುಟ್ಟದೆ ಯಾವುದನ್ನೂ ನಂಬುವ ಜಾಯಮಾನ ಅವರದಲ್ಲ. (ಮದುವೆಯಾದ ಹೊಸತರಲ್ಲಿ ಚಿಕ್ಕಮ್ಮ ಒಮ್ಮೆ ಜ್ವರ ಎಂದು ಮಲಗಿದ್ದಳು. ಅವರು ಅವಳ ಹಣೆ ಮುಟ್ಟಿ, ಆಮೇಲೆ ತಮ್ಮ ಹಣೆ ಮುಟ್ಟಿ, ಆಮೇಲೆ ಗೋಡೆ ಮುಟ್ಟಿ, "ಇರಬಹುದು" ಅಂದಿದ್ದರು.)

ಕೆಲಸ ಮುಗಿದು ಮನೆಗೆ ಬಂದ ಮೇಲೆ ಅವರಿಗೆ ಈ ಮರದ ಹುಚ್ಚು ಹತ್ತಿತು. ಹಾಳುಗೋಡೆ, ಕಲ್ಲುಗಣಿ, ರಸ್ತೆ ಅಗೆಯುವ ಜಾಗ, ಎಲ್ಲೆಲ್ಲಿ ಮರಕ್ಕೆ ಬದುಕಲು ಕಷ್ಟವೋ ಅಲ್ಲೆಲ್ಲ ಸೀಲಪ್ಪನವರು ಹಾಜರು. ಗುದ್ದಲಿ, ಗರಗಸ, ಗೋಣಿಚೀಲ, ಹಗ್ಗ ಹಿಡಿದು ಬೆಳಿಗ್ಗೆ ಹೊರಟರೆ ಸಂಜೆಗೆ ಏನಾದರೊಂದು ಮೊಂಡು ಬೊಡ್ಡೆ ಹೊತ್ತು ತರುವರು. ಜಾಗದ ಒಡೆಯರಿಂದ ಅನುಮತಿ ಪತ್ರವಿಲ್ಲದೆ ಒಂದು ಬೇರನ್ನೂ ಮುಟ್ಟುತ್ತಿರಲಿಲ್ಲ, ಅದೂ ಎರಡು ಪ್ರತಿಯಲ್ಲಿ. ಮನೆಗೆ ಬಂದ ಮರಗಳು ಮಾತ್ರ ಯಾರ ಅನುಮತಿಯನ್ನೂ ಕೇಳದೆ ಸಾಯುತ್ತಿದ್ದವು. ಐದು ಸತ್ತವು. ಒಂದರ ಜೊತೆ ಬಂದ ಕೆಂಜಿರುವೆಗಳು ಮಾತ್ರ ಚೆನ್ನಾಗಿ ಬೇರುಬಿಟ್ಟು ಅಡುಗೆಮನೆಯಲ್ಲಿ ಸಂಸಾರ ಹೂಡಿದವು.

ಈ ಆರನೆಯದನ್ನು ತರಲು ಚಿಕ್ಕಮ್ಮನನ್ನೂ ಕರೆದುಕೊಂಡು ಹೋಗಿದ್ದರು. "ಸುಮ್ನೆ ಗಾಳಿ ಬದಲಾವಣೆಗೆ ಬಾ" ಎಂಬ ಮಾತು ನಂಬಿ ಹೋದವಳು ಕಲ್ಲುಗಣಿಯ ಅಂಚಿನಲ್ಲಿ ಮೂರು ಗಂಟೆ ಕೊಡೆ ಹಿಡಿದು ನಿಂತಳು. ಕೊಡೆ ಅವಳಿಗಲ್ಲ, ಮರಕ್ಕೆ. ಬೇರಿಗೆ ಬಿಸಿಲು ತಾಗಬಾರದಂತೆ. ಬರುವಾಗ ಬಾಡಿಗೆ ಗಾಡಿಯಲ್ಲಿ ಮುಂದಿನ ಸೀಟಿನಲ್ಲಿ ಒದ್ದೆ ದುಪ್ಪಟಿ ಹೊದ್ದುಕೊಂಡು ಮರ ಕೂತಿತು; ಹಿಂದೆ, ಗುದ್ದಲಿ ಗೋಣಿಗಳ ಮಧ್ಯೆ, ಚಿಕ್ಕಮ್ಮ ಕೂತಳು. ಆ ದುಪ್ಪಟಿ ಅವಳದೇ. ಗಾಡಿಯವನು ಕನ್ನಡಿಯಲ್ಲಿ ನೋಡಿ, "ಅಮ್ಮ, ಹಿಂದೆ ಆರಾಮಾಗಿದೀರಾ?" ಅಂದ. "ನನ್ನನ್ನ ಯಾಕಪ್ಪ ಕೇಳ್ತೀಯ, ಮುಂದೆ ಕೂತವರನ್ನ ಕೇಳು," ಎಂದಳು.

ಇಷ್ಟೆಲ್ಲ ಅವಳು ಸಹಿಸಿಯಾಳು. ಬಚ್ಚಲುಮನೆಯೊಂದನ್ನು ಮಾತ್ರ ಬಿಟ್ಟುಕೊಡಲಾರಳು.

ಯಾಕೆಂದರೆ ಇಡೀ ಮನೆಯಲ್ಲಿ ಚಿಕ್ಕಮ್ಮ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಜಾಗ ಅದೊಂದೇ. ಬೆಳಿಗ್ಗೆ ಐದಕ್ಕೆ ಎದ್ದು, ಆಸ್ಪತ್ರೆಯಲ್ಲಿ ನರ್ಸಾಗಿರುವ ಸೊಸೆಗೆ ಊಟದ ಡಬ್ಬಿ ಕಟ್ಟಿ, ಕಾರ್ಖಾನೆಗೆ ಹೊರಟ ಮಗನಿಗೆ ಕಾಲುಚೀಲದ ಜೋಡಿ ಹುಡುಕಿಕೊಟ್ಟು, ಗಂಡನ ಕನ್ನಡಕ ಗಂಡನ ಹಣೆಯ ಮೇಲೇ ಇದೆಯೆಂದು ತಿಳಿಸಿ, ಹನ್ನೊಂದು ಗಂಟೆಗೆ ಅವಳು ಒಳಗೆ ಹೋಗಿ ಚಿಲಕ ಜಡಿದರೆ ಆಯಿತು. ಅರ್ಧ ಗಂಟೆ ಅವಳು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ, ಯಾರ ಅತ್ತೆಯೂ ಅಲ್ಲ. ಕಿಟಕಿಯ ಕೆಳಗೆ ಮಣೆ ಹಾಕಿ, ಕಾಲು ಚಾಚಿ ಕೂತು, ನೋಯುವ ಮಂಡಿಗೆ ಚೊಂಬು ಚೊಂಬು ಬಿಸಿನೀರು ಹೊಯ್ದುಕೊಳ್ಳುವಳು. ಹೊರಗೆ ಫೋನು ಬಡಿದುಕೊಳ್ಳಲಿ, ಗಂಡ ಕೂಗಿಕೊಳ್ಳಲಿ, "ಸ್ನಾನ ಮಾಡ್ತಿದೀನಿ" ಎಂಬ ಒಂದೇ ಮಾತು ಸಾಕು. ರಾಜರ ಕೋಟೆಗೂ ಅಷ್ಟು ಬಲವಿರಲಿಕ್ಕಿಲ್ಲ.

ಆ ಕೋಟೆಯಲ್ಲಿ, ಅದೂ ಅವಳ ಮಣೆಯ ಜಾಗದಲ್ಲಿ, ಈಗ ಅತ್ತಿಮರ. ನೆರಳೂ ತೇವವೂ ಗಾಳಿಯಿಲ್ಲದಿರುವುದೂ ಒಟ್ಟಿಗೆ ಇರುವ ಜಾಗ ಮನೆಯಲ್ಲಿ ಬೇರೆ ಇಲ್ಲವೆಂದು ಸೀಲಪ್ಪನವರ ತೀರ್ಮಾನ. ಮೇಲೆ ಕಟ್ಟಳೆಗಳು: ಸೋಪಿನ ನೀರು ಸಿಡಿಯಬಾರದು. ಕಿಟಕಿ ತೆರೆಯಬಾರದು. ಪೆಟ್ಟಿಗೆ ಒಂದಿಂಚೂ ಅಲುಗಬಾರದು. ಸೊಸೆಗೇನು, ಆಸ್ಪತ್ರೆಯಲ್ಲೇ ಸ್ನಾನ ಮುಗಿಸಿ ಬರುವಳು. ಮಗನಿಗೆ ಕಾರ್ಖಾನೆಯಲ್ಲಿದೆ. ಸೀಲಪ್ಪನವರ ಸ್ನಾನವೆಂದರೆ ಒಳಗೆ ಹೋದದ್ದಕ್ಕಿಂತ ಬೇಗ ಹೊರಗೆ ಬರುವುದು. ನೀರು ಬಿದ್ದದ್ದು ಅವರ ಟವೆಲ್ಲಿಗೇ ಗೊತ್ತಾಗದು. ಉಳಿದವಳು ಚಿಕ್ಕಮ್ಮ. ಬಾಗಿಲ ಮೂಲೆಯಲ್ಲಿ ಗೋಡೆಗೆ ಅಂಟಿ ನಿಂತು, ಉಸಿರು ಬಿಗಿಹಿಡಿದು, ಎರಡು ಚೊಂಬು ಸುರಿದುಕೊಂಡು ಹೊರಗೆ ಬರುವಳು.

"ಎಷ್ಟು ದಿನ ರೀ ಇದು?" ಎಂದು ಅವಳು ಈಗ ಚಹಾದ ಮೇಜಿನಲ್ಲಿ ಪಟ್ಟು ಹಿಡಿದಳು.

"ಚಿಗುರೋವರೆಗೆ."

"ಚಿಗುರದಿದ್ರೆ?"

"ಚಿಗುರುತ್ತೆ."

"ಐದಕ್ಕೂ ಹಂಗೇ ಅಂದಿದ್ರಿ."

"ಈ ಸಲ ಬರೆದುಕೊಡ್ತೀನಿ," ಎಂದು ಸೀಲಪ್ಪನವರು ನಿಜವಾಗಿಯೂ ಕಾಗದ ತೆಗೆದು ಬರೆದುಕೊಟ್ಟರು. 'ಸದರಿ ಮರವು ಚಿಗುರಿದ ದಿನವೇ ಬಚ್ಚಲುಮನೆಯನ್ನು ಖಾಲಿ ಮಾಡಿ ಈ ಕೆಳಕಂಡ ಅರ್ಜಿದಾರಳ ಸ್ವಾಧೀನಕ್ಕೆ ಒಪ್ಪಿಸಲಾಗುವುದು.' ಕೆಳಗೆ ಸಹಿ, ತಾರೀಖು. ಚಿಕ್ಕಮ್ಮ ಅದನ್ನು ಉಪ್ಪಿನ ಡಬ್ಬಿಯ ಕೆಳಗೆ ಇಟ್ಟುಕೊಂಡಳು.

ಕಾಗದವೇನೋ ಸಿಕ್ಕಿತು. ಚಿಗುರಬೇಕಲ್ಲ? ಸೀಲಪ್ಪನವರು ಬೆಳಿಗ್ಗೆ ಎದ್ದೊಡನೆ ಬಚ್ಚಲುಮನೆಗೆ ಹೋಗಿ ಹೆಬ್ಬೆರಳಿನ ಉಗುರಿನಿಂದ ಮರದ ತೊಗಟೆಯನ್ನು ಒಂದಿಷ್ಟು ಕೆರೆಯುವರು. ಒಳಗೆ ಹಸಿರಿದ್ದರೆ ಮರ ಬದುಕಿದೆಯೆಂದು ಅರ್ಥ. "ಹಸಿರಿದೆ!" ಎಂದು ಕೂಗುವರು. ಮಧ್ಯಾಹ್ನ ಊಟವಾದ ಮೇಲೆ ಇನ್ನೊಂದು ಕಡೆ ಕೆರೆಯುವರು. ಸಂಜೆ, ಬೆಳಿಗ್ಗೆ ಕೆರೆದದ್ದು ಸರಿಯಾಗಿತ್ತೋ ಇಲ್ಲವೋ ಎಂಬ ಅನುಮಾನಕ್ಕೆ ಮೂರನೆಯ ಕಡೆ. ಭಾನುವಾರ ವಿಶೇಷ ತಪಾಸಣೆ: ಮಣ್ಣು ಸರಿಸಿ ಬೇರು ನೋಡುವುದು.

ಚಿಕ್ಕಮ್ಮ ಹೆಚ್ಚು ಓದಿದವಳಲ್ಲ. ಆದರೆ ಯಾರಾದರೂ ಮಾತಾಡಿದರೆ ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸ ಅವಳಿಗಿತ್ತು. (ಗಂಡನ ಮಾತನ್ನೂ ಕೇಳಿಸಿಕೊಳ್ಳುತ್ತಿದ್ದಳು, ಒಪ್ಪುತ್ತಿರಲಿಲ್ಲ, ಅದು ಬೇರೆ.) ಹಾಗಾಗಿ ತರಕಾರಿ ತರುವ ನೆಪದಲ್ಲಿ ಹಿಂದಿನ ಬೀದಿಯ ನರ್ಸರಿಗೆ ಹೋಗಿ, ಅಲ್ಲಿನ ಮುದುಕ ಸಸಿಗಳಿಗೆ ನೀರು ಹಾಕುತ್ತಿರುವಾಗ ಬೆಂಚಿನ ಮೇಲೆ ಕೂತು ಎಲ್ಲ ಹೇಳಿದಳು.

ಮುದುಕ ಕೇಳಿದ: "ಯಜಮಾನ್ರು ತೊಗಟೆ ಕೆರೆದು ನೋಡ್ತಾರಾ?"

"ದಿನಕ್ಕೆ ಮೂರು ಸಲ."

"ಬೇರು?"

"ವಾರಕ್ಕೊಂದು ಸಲ."

ಮುದುಕ ನೀರಿನ ಕೊಳವೆಯನ್ನು ಕೆಳಗಿಟ್ಟ. "ಹಂಗಾದ್ರೆ ನಿಮ್ಮ ಐದು ಮರ ಒಣಗಿ ಸತ್ತಿದ್ದಲ್ಲ ತಾಯಿ, ವಿಚಾರಣೆಯಲ್ಲಿ ಸತ್ತಿದ್ದು. ಬಂಡೆಯಿಂದ ಕಿತ್ತು ತಂದ ಮರಕ್ಕೆ ಬೇರೇ ಇರಲ್ಲ. ಬೊಡ್ಡೇಲಿ ಉಳಿಸಿಟ್ಕೊಂಡಿದ್ದನ್ನ ತಿಂದ್ಕೊಂಡು, ಒಳಗೊಳಗೇ ಬೇರು ಹೆಣೀತಿರುತ್ತೆ. ಅಲ್ಲಾಡಿಸಿದ್ರೆ ಹೆಣೆದದ್ದು ಹರಿಯುತ್ತೆ. ತೆಳ್ಳಗಿನ ಬಟ್ಟೆ ಹೊದಿಸಿ, ಮೇಲಿಂದ ನೀರು ಚಿಮುಕಿಸಿ, ಅದರ ಪಾಡಿಗೆ ಅದನ್ನ ಬಿಡಿ. ಮುಖ್ಯವಾಗಿ ಯಜಮಾನ್ರನ್ನ ದೂರ ಇಡಿ."

"ಅದು ಹೆಂಗಪ್ಪಾ?"

"ಅದು ನನ್ನ ನರ್ಸರೀಲಿ ಸಿಗಲ್ಲ ತಾಯಿ."

ಚಿಕ್ಕಮ್ಮ ದಾರಿಯುದ್ದಕ್ಕೂ ಯೋಚಿಸಿದಳು. ಬೀಗ ಹಾಕಿದರೆ ಕೀಲಿ ಹುಡುಕುವರು. ಬೈದರೆ ಅವಳು ಮಲಗಿದ ಮೇಲೆ ಕೆರೆಯುವರು. ಆಣೆ ಹಾಕಿಸಿದರೆ "ಬರೀ ಮುಟ್ಟಿದೆ, ಕೆರೆಯಲಿಲ್ಲ" ಅನ್ನುವರು. ಈ ಮನುಷ್ಯ ಇಡೀ ಜನ್ಮದಲ್ಲಿ ಹೆದರಿದ್ದು ಒಂದಕ್ಕೇ.

ಕೆಲಸದಿಂದ ಬಿಡುಗಡೆಯಾದ ದಿನ ಕಚೇರಿಯವರು ಪ್ರೀತಿಯಿಂದ ಸೀಲಪ್ಪನವರಿಗೆ ಅವರದೇ ಹಳೆಯ ಸೀಲು ಒತ್ತುವ ಇಕ್ಕಳವನ್ನೂ, ಒಂದು ಸುರುಳಿ ತಂತಿಯನ್ನೂ, ಒಂದು ಡಬ್ಬಿ ಸೀಸದ ಗುಂಡುಗಳನ್ನೂ ನೆನಪಿನ ಕಾಣಿಕೆಯಾಗಿ ಕೊಟ್ಟಿದ್ದರು. ಇಕ್ಕಳದ ಬಾಯಲ್ಲಿ ಅವರ ಸಂಖ್ಯೆ ಕೆತ್ತಿತ್ತು: ನಲವತ್ತೊಂದು. ಅದು ಬೀರುವಿನ ಮೇಲಿನ ಖಾನೆಯಲ್ಲಿ ಮಖಮಲ್ಲು ಸುತ್ತಿಕೊಂಡು ಮಲಗಿತ್ತು.

ಆ ಸಂಜೆ ಸೀಲಪ್ಪನವರು ತಿರುಗಾಡಲು ಹೋದಾಗ ಚಿಕ್ಕಮ್ಮ ಹಳೆಯ ಸೊಳ್ಳೆಪರದೆಯ ತುಂಡೊಂದನ್ನು ಮರದ ಮೇಲೆ ಹೊದಿಸಿ, ಪೆಟ್ಟಿಗೆಯ ಸುತ್ತ ತಂತಿ ಬಿಗಿದು, ತುದಿಗೆ ಸೀಸದ ಗುಂಡು ಪೋಣಿಸಿ, ಇಕ್ಕಳದಿಂದ ಕಚಕ್ಕನೆ ಒತ್ತಿದಳು.

ಮರುದಿನ ಬೆಳಿಗ್ಗೆ ಬಚ್ಚಲುಮನೆಯಿಂದ ಬಂದ ಕೂಗಿಗೆ ಸೊಸೆಯ ಕೈಯಲ್ಲಿದ್ದ ಬಾಚಣಿಗೆ ಕೆಳಗೆ ಬಿತ್ತು.

"ಏನೇ ಇದು?"

"ಸೀಲು," ಎಂದಳು ಚಿಕ್ಕಮ್ಮ ಅಡುಗೆಮನೆಯಿಂದಲೇ.

"ಯಾರು ಹಾಕಿದ್ದು?"

"ನಂಬರ್ ನೋಡಿ."

ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. "ನಲವತ್ತೊಂದು… ಇದು ನನ್ನ ನಂಬರ್!"

"ಹಾಗಾದ್ರೆ ನೀವೇ ಹಾಕಿರ್ಬೇಕು."

"ನಾನು ಹಾಕಿಲ್ಲ ಕಣೇ!"

"ನಂಬರ್ ಸುಳ್ಳು ಹೇಳುತ್ತಾ? ಮೂವತ್ನಾಲ್ಕು ವರ್ಷ ಊರಿಗೆಲ್ಲ ಇದನ್ನೇ ಹೇಳ್ಕೊಂಡು ತಿರುಗಿದ್ರಲ್ಲ. ಈಗ ಕಿತ್ತುಹಾಕಿ, ನೋಡೋಣ."

ಸೀಲಪ್ಪನವರ ಕೈ ತಂತಿಯವರೆಗೂ ಹೋಯಿತು. ಅಲ್ಲಿಗೆ ನಿಂತಿತು. ಕಳ್ಳತನ ಮಾಡದವನ ಕೈ ಪರರ ಜೇಬಿನ ಹತ್ತಿರ ಹೇಗೆ ಮರಗಟ್ಟುತ್ತದೋ ಹಾಗೆ ಮರಗಟ್ಟಿತು. ಹೊರಗೆ ಬಂದು ಕುರ್ಚಿಯಲ್ಲಿ ಕುಸಿದರು.

"ಸೀಲು ತೆಗೀಬೇಕಾದ್ರೆ ಇಬ್ಬರು ಸಾಕ್ಷಿ ಬೇಕು. ನೀನೊಂದು ಸಹಿ ಹಾಕು."

"ನಿಮ್ಮ ಕಚೇರಿ ಭಾಷೆ ನನಗೆ ಓದೋಕೆ ಬರಲ್ಲ, ಏನೂಂತ ಹಾಕ್ಲಿ?"

"ಅಮ್ಮಾ, ನೀನಾದ್ರೂ ಹಾಕಮ್ಮ," ಎಂದು ಸೊಸೆಯ ಕಡೆ ತಿರುಗಿದರು.

ಸೊಸೆ ಕೆಳಗೆ ಬಿದ್ದ ಬಾಚಣಿಗೆ ಎತ್ತಿಕೊಳ್ಳುತ್ತಾ, "ಮಾವ, ನಮ್ಮ ಆಸ್ಪತ್ರೇಲೂ ಒಂದು ವಾರ್ಡು ಹಿಂಗೇ ಇದೆ. ಗಾಜಿನ ಆಚೆ ನಿಂತು ನೋಡ್ಬಹುದು. ಒಳಗೆ ಕೈ ಹಾಕೋ ಸಂಬಂಧಿಕರನ್ನ ಮೊದಲು ಹೊರಗೆ ಕಳಿಸ್ತೀವಿ," ಎಂದಳು.

ಆಮೇಲಿನ ದಿನಗಳನ್ನು ಸೀಲಪ್ಪನವರು ಹೇಗೆ ಕಳೆದರೋ ಅವರಿಗೇ ಗೊತ್ತು. ಕೆರೆಯಲು ಏನೂ ಸಿಗದೆ ಉಗುರಿನಿಂದ ಮೇಜಿನ ಬಣ್ಣ ಕೆರೆದರು, ಬಾಗಿಲ ಚೌಕಟ್ಟು ಕೆರೆದರು, ಪಕ್ಕದ ಮನೆಯವರ ಹೊಸ ಗೇಟನ್ನು ಕೆರೆದು ಮಾತು ಕೇಳಿ ಬಂದರು. ಬಚ್ಚಲುಮನೆಗೆ ಹೋಗಿ ಪರದೆಯ ಈಚೆ ಕುಕ್ಕರುಗಾಲಲ್ಲಿ ಕೂತು ದಿಟ್ಟಿಸುವರು. "ಏನಾದ್ರೂ ಕಾಣುತ್ತೇನೇ?" ಎಂದು ಹೆಂಡತಿಯನ್ನು ಕೇಳುವರು. ಅವಳಿಗೆ ಕಾಣುತ್ತಿದ್ದದ್ದು ತನ್ನ ಮಣೆಯ ಜಾಗ ಒಂದೇ.

ಬಟ್ಟೆಯ ಮೇಲೆ ನೀರು ಚಿಮುಕಿಸುವ ಕೆಲಸ ಮಾತ್ರ ಚಿಕ್ಕಮ್ಮನದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಬೇಗ ಚಿಗುರಿದರೆ ಬೇಗ ತೊಲಗುತ್ತದೆ ಎಂಬ ಶುದ್ಧ ಸ್ವಾರ್ಥ. ಮೂಲೆಯಲ್ಲಿ ನಿಂತು ಎರಡು ಚೊಂಬು ಹೊಯ್ದುಕೊಳ್ಳುವಾಗ ಮರದ ಕಡೆ ನೋಡಿ, "ಚಿಗುರು ಪುಣ್ಯಾತ್ಮ, ನನ್ನ ಮಂಡಿ ಹಿಡ್ಕೊಂಡಿದೆ," ಎನ್ನುವಳು. ಮರ ಅವಳ ಗಂಡನಂತಲ್ಲ, ಎದುರು ಮಾತಾಡುತ್ತಿರಲಿಲ್ಲ. ಹಾಗಾಗಿ ಒಂದು ದಿನ ಮಂಡಿಯ ಜೊತೆ ಸೊಂಟದ ವಿಷಯವನ್ನೂ ಹೇಳಿದಳು. ಇನ್ನೊಂದು ದಿನ, ಮಗ ಇತ್ತೀಚೆಗೆ ತನ್ನ ಹತ್ತಿರ ಏನೂ ಹೇಳುವುದಿಲ್ಲ ಎಂಬುದನ್ನು ಹೇಳಿದಳು. ಎರಡು ಚೊಂಬಿನ ಸ್ನಾನ ಯಾಕೋ ಮತ್ತೆ ಅರ್ಧ ಗಂಟೆ ಹಿಡಿಯತೊಡಗಿತು. ಚಿಕ್ಕಮ್ಮ ಅದನ್ನು ಗಮನಿಸಲಿಲ್ಲ.

ಏಳನೆಯ ವಾರ, ಚಳಿ ಪೂರ್ತಿ ಹೋಗಿ ಸೆಕೆ ಶುರುವಾದಾಗ, ಒಂದು ಬೆಳಿಗ್ಗೆ ಪರದೆಯೊಳಗೆ ಬೊಡ್ಡೆಯ ಎಡಮಗ್ಗುಲಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಕೆಂಪು ಚುಕ್ಕೆ ಕಂಡಿತು. ಚಿಕ್ಕಮ್ಮ ಯಾರಿಗೂ ಹೇಳಲಿಲ್ಲ. ಮೂರನೆಯ ದಿನಕ್ಕೆ ಚುಕ್ಕೆ ಒಡೆದು, ಎಳೆ ಮಗುವಿನ ಕಿವಿಯಷ್ಟು ತೆಳ್ಳಗಿನ ಒಂದು ಎಲೆ ಮಡಿಚಿಕೊಂಡೇ ಹೊರಗೆ ಬಂತು. ಪಕ್ಕದಲ್ಲಿ ಇನ್ನೆರಡು ಚುಕ್ಕೆ.

ಆಗ ಉಪ್ಪಿನ ಡಬ್ಬಿಯ ಕೆಳಗಿನ ಕಾಗದ ಹೊರಗೆ ಬಂತು.

ಸೀಲು ತೆಗೆಯುವ ಸಮಾರಂಭ ಭಾನುವಾರ ಬೆಳಿಗ್ಗೆ ನಡೆಯಿತು. ಸಾಕ್ಷಿಗಳು: ಸೊಸೆ ಮತ್ತು ನರ್ಸರಿಯ ಮುದುಕ. ಸೀಲಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, 'ಮುದ್ರೆ ಅಖಂಡವಾಗಿದ್ದು ಯಾವುದೇ ಹಸ್ತಕ್ಷೇಪ ಕಂಡುಬಂದಿಲ್ಲ' ಎಂದು ಬರೆದು ಎಲ್ಲರ ಸಹಿ ಪಡೆದು, ತಂತಿ ಕತ್ತರಿಸಿದರು. ಪರದೆ ಸರಿಯಿತು. ಮೂರು ಎಲೆ. ಅವರ ಕಣ್ಣು ತುಂಬಿ ಬಂತು. ಹೆಬ್ಬೆರಳು ತಾನಾಗಿ ತೊಗಟೆಯ ಕಡೆ ಹೊರಟಿತು.

"ಕೈ!" ಎಂದು ಚಿಕ್ಕಮ್ಮ, ಸೊಸೆ, ಮುದುಕ ಮೂವರೂ ಒಟ್ಟಿಗೆ ಕೂಗಿದರು.

ಮಾತು ಮಾತೇ. ಸೀಲಪ್ಪನವರೂ ಮುದುಕನೂ ಪೆಟ್ಟಿಗೆಯನ್ನು ಮೆಲ್ಲಗೆ ಎತ್ತಿ ಹಿತ್ತಿಲ ಜಗಲಿಯ ಮೇಲೆ, ನೆರಳಿನಲ್ಲಿ ಇಟ್ಟರು. "ತಗೋ ನಿನ್ನ ಬಚ್ಚಲುಮನೆ. ಸಂತೋಷವಾಯ್ತಾ?" ಎಂದು ಸೀಲಪ್ಪನವರು ಮುನಿಸಿನಿಂದ ಮುಂಬಾಗಿಲಿಗೆ ಹೋಗಿ, ಪತ್ರಿಕೆಯನ್ನು ಮುಖದ ಮೇಲೆ ಹೊದ್ದು ಕುರ್ಚಿಯಲ್ಲಿ ಒರಗಿದರು. ಮುದುಕ ನರ್ಸರಿಗೆ ಹೊರಟ, ಸೊಸೆ ಸಾಮಾನು ತರಲು ಅಂಗಡಿಗೆ ಹೋದಳು.

ಚಿಕ್ಕಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎರಡು ಬಕೆಟ್ ನೀರು ಕಾಯಿಸಿದಳು. ಹೊಸ ಸೋಪು ಬಿಚ್ಚಿದಳು. ಕಿಟಕಿಯ ಕೆಳಗಿನ ನೆಲ ತೊಳೆದು, ಮಣೆ ಹಾಕಿ, ಚಿಲಕ ಜಡಿದು, ಕಾಲು ಚಾಚಿ ಕೂತು ಮೊದಲ ಚೊಂಬು ಮಂಡಿಯ ಮೇಲೆ ಹೊಯ್ದುಕೊಂಡು "ಅಬ್ಬಾ!" ಎಂದಳು. ತಲೆಗೆ ಸೋಪು ಹಚ್ಚಿ ಎರಡೂ ಕೈಯಿಂದ ಉಜ್ಜಿದಳು. ನೊರೆ ಬಂತು. ಬಾಯಿಗೆ ಒಂದು ಮಾತು ಬಂತು. ತಿರುಗಿ ನೋಡಿದರೆ ಕೇಳುವವರು ಯಾರೂ ಇಲ್ಲ. ಬರಿಯ ಗೋಡೆ.

ಆಗ ಹಿತ್ತಿಲ ಬಾಗಿಲು ದಡಾರನೆ ಬಡಿಯಿತು.

ಗಾಳಿ. ಸೆಕೆಗಾಲದ ಮೊದಲ ಒಣಗಾಳಿ, ಧೂಳಿನ ಸಮೇತ. ಇದ್ದರೆ ಇರಲಿ, ಎಂದುಕೊಂಡಳು ಚಿಕ್ಕಮ್ಮ. ಬಂಡೆಯ ಮೇಲೆ ನಲವತ್ತು ವರ್ಷ ಬದುಕಿದ್ದಕ್ಕೆ ಇದ್ಯಾವ ಗಾಳಿ. ಬಾಗಿಲು ಮತ್ತೆ ಬಡಿಯಿತು. ಆದರೂ, ಎಲೆ ಹುಟ್ಟಿ ಮೂರೇ ದಿನ. ಅದೂ ಇಷ್ಟು ಬೆಚ್ಚಗಿನ ಜಾಗದಿಂದ ಎತ್ತಿ ಬಯಲಿಗೆ ಇಟ್ಟರೆ! ಯಾರ ಮರವೋ ಅವರು ನೋಡಿಕೊಳ್ಳಲಿ. "ರೀ!" ಎಂದು ಕೂಗಿದಳು. "ರೀ, ಗಾಳಿ!" ಮುಂಬಾಗಿಲಿನಿಂದ ಗೊರಕೆ.

ಎರಡನೆಯ ಚೊಂಬು ಕೈಯಲ್ಲೇ ಉಳಿಯಿತು. ಚಿಕ್ಕಮ್ಮ ಉದ್ದ ಟವೆಲ್ಲು ಸುತ್ತಿ, ಮೇಲೊಂದು ದುಪ್ಪಟಿ ಬಿಗಿದು, ತಲೆಯ ಮೇಲೆ ನೊರೆಯ ಗೋಪುರ ಹೊತ್ತುಕೊಂಡು, ಚಿಲಕ ತೆಗೆದು ಓಡಿದಳು. ಅವಳ ಮಂಡಿ ಓಡಿ ಎಷ್ಟೋ ವರ್ಷವಾಗಿತ್ತು.

ಜಗಲಿಯ ಮೇಲೆ ಮೂರೂ ಎಲೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು. ಪೆಟ್ಟಿಗೆಯನ್ನು ಒಬ್ಬಳೇ ಎತ್ತಲಾಗದೆ, ಗಾಳಿಗೆ ಅಡ್ಡವಾಗಿ ತಾನೇ ಗೋಡೆಯ ಹಾಗೆ ನಿಂತು ಅವಳು ಹಾಕಿದ ಕೂಗಿಗೆ ಸೀಲಪ್ಪನವರು ಪತ್ರಿಕೆ ಸಮೇತ ಎದ್ದು ಬಂದರು.

"ಏನಾಯ್ತೇ? ಏನಿದು ನಿನ್ನ ವೇಷ?"

"ಆ ಕಡೆ ಹಿಡೀರಿ!"

"ಎಲ್ಲಿಗೆ?"

"ಒಳಗೆ! ಇನ್ನೆಲ್ಲಿಗೆ?"

"ಒಪ್ಪಂದದ ಪ್ರಕಾರ…"

"ಒಪ್ಪಂದಕ್ಕೆ ಬೆಂಕಿ ಹಾಕ! ಮೆಲ್ಲಗೆ! ಅಲ್ಲಾಡಿಸ್ಬೇಡಿ ಅಂದೆನಲ್ಲ, ಬೇರು ಹೆಣೀತಾ ಇರುತ್ತೆ! ನೋಡಿ ನಡೀರಿ! ಹೊಸ್ತಿಲು!"

ಪೆಟ್ಟಿಗೆ ಕಿಟಕಿಯ ಕೆಳಗೆ ಬಂದು ಕೂತಿತು. ಮಣೆಯನ್ನು ಚಿಕ್ಕಮ್ಮ ಕಾಲಿನಿಂದಲೇ ಮೂಲೆಗೆ ಸರಿಸಿದಳು. ಸೀಲಪ್ಪನವರು ಮರವನ್ನೂ ಹೆಂಡತಿಯನ್ನೂ ಒಂದರ ನಂತರ ಒಂದರಂತೆ ಪರಿಶೀಲಿಸಿದರು. ಅವರಿಗೆ ನಗುವ ಧೈರ್ಯ ಬರಲಿಲ್ಲ. ಚೊಂಬಿನ ಕಡೆ ಕೈ ತೋರಿಸಿ, "ತಲೆ ತೊಳ್ಕೋಬಾರದಾ, ಕಣ್ಣಿಗೆ ಸೋಪು ಇಳೀತಿದೆ," ಎಂದರು.

"ಇಲ್ಲೇನ್ರೀ? ಸೋಪಿನ ನೀರು ಸಿಡಿದ್ರೆ?" ಎಂದು ಅವಳು ಒಂದು ಕಣ್ಣು ಮುಚ್ಚಿಕೊಂಡು ಗದರಿದಳು. "ನಡೀರಿ ಹೊರಗೆ. ಬಾಗಿಲು ಹಾಕಿ, ಗಾಳಿ ಬರುತ್ತೆ."

ಹಿತ್ತಿಲ ನಲ್ಲಿಯ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತಲೆ ಬಗ್ಗಿಸಿ ಕೂತು, ಚಿಕ್ಕಮ್ಮ ತಣ್ಣೀರಿನಲ್ಲಿ ನೊರೆ ತೊಳೆದುಕೊಂಡಳು. ಎರಡು ಬಕೆಟ್ ಬಿಸಿನೀರು ಒಳಗೇ ಆರುತ್ತಿತ್ತು. ಅಂಗಡಿಯಿಂದ ಬಂದ ಸೊಸೆ ಚೀಲ ಹಿಡಿದುಕೊಂಡೇ ಹಿತ್ತಿಲಿಗೆ ಬಂದು, ಅತ್ತೆಯನ್ನು ನೋಡಿ, ಬಚ್ಚಲುಮನೆಯ ಬಾಗಿಲು ಸರಿಸಿ ಇಣುಕಿ, ಮತ್ತೆ ಅತ್ತೆಯನ್ನು ನೋಡಿದಳು.

"ಇದೇನತ್ತೆ, ಮತ್ತೆ ಒಳಗೆ? ಎಷ್ಟು ದಿನ?"

"ಎಲೆ ಗಟ್ಟಿಯಾಗೋವರೆಗೆ."

"ಯಾರು ಹೇಳಿದ್ದು, ಮಾವನಾ?"

"ಅವರಿಗೇನು ಗೊತ್ತಾಗುತ್ತೆ," ಎಂದಳು ಚಿಕ್ಕಮ್ಮ. "ಆ ಬಾಗಿಲು ಹಾಕಮ್ಮ ಮೊದಲು."

ಸೊಸೆ ಬಾಗಿಲು ಹಾಕಿದಳು. ಅವಳ ಹೆಗಲು ಕುಲುಕುತ್ತಿದ್ದದ್ದನ್ನು ಚಿಕ್ಕಮ್ಮ ಕಂಡೂ ಕಾಣದ ಹಾಗೆ ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡಳು. ಹೇಗೂ ನಲ್ಲಿಯ ಹತ್ತಿರ ಬಂದಾಗಿದೆಯಲ್ಲ ಎಂದು, ನೆನೆಹಾಕಿದ್ದ ಬಟ್ಟೆಯ ಬಕೆಟ್ಟನ್ನು ಹತ್ತಿರ ಎಳೆದುಕೊಂಡು, ಗಂಡನ ಇಸ್ತ್ರಿ ಹೋದ ಅಂಗಿಯೊಂದನ್ನು ಎತ್ತಿ, ಕೊರಳಪಟ್ಟಿಗೆ ಸೋಪು ಉಜ್ಜತೊಡಗಿದಳು.